ಹೆಣ್ಣುಮಕ್ಕಳ ಗೃಹ ಉದ್ದಿಮೆ: ದುಡಿಮೆಯ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಭತ್ತದ ಸುಗ್ಗಿ ಮುಗಿದು, ಹುಲ್ಲು ಬಣವೆ ಸೇರಿ, ಗದ್ದೆಗಳು ಬರಿದಾದ ಮೇಲೆ ಮುಂಡಗೋಡ ತಾಲ್ಲೂಕಿನ ಸನವಳ್ಳಿ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಹೊಲದ ಕೆಲಸ ಕಡಿಮೆಯಾಗುತ್ತದೆ. ನೀರಿನ ಅನುಕೂಲವಿದ್ದವರು ಎರಡನೆಯ ಬೆಳೆ ಇಡುತ್ತಾರೆ. ಉಳಿದವರ ಹೊಲ ಮುಂಗಾರಿನವರೆಗೆ ಖಾಲಿ. ಈ ದಿನಗಳಲ್ಲಿ ಒಕ್ಕಲುತನದ ಮನೆಯ ಹೆಣ್ಣುಮಕ್ಕಳು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಮಸಾಲೆ ಪುಡಿ ಮೊದಲಾದವನ್ನು ತಯಾರಿಸಿ ನಾಲ್ಕು ಕಾಸು ಸಂಪಾದಿಸಬಹುದೆಂದು ಎಲ್ಲರೂ ಹೇಳುತ್ತಾರೆ. ನಾವೂ ಹೇಳುತ್ತೇವೆ. ಸ್ವಸಹಾಯ ಸಂಘಗಳ ಸಭೆಗಳಿಗೆ ಹೋದಾಗ ಅಲ್ಲಿಯ ಸದಸ್ಯೆಯರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಉದ್ದಿಮೆ ಮಾಡಿದರೆ ಒಳ್ಳೆಯದು? ಅದಕ್ಕೆ ಎಷ್ಟು ಸಾಲ ಸಿಗುತ್ತದೆ?

ಇವೆರಡಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಖರ್ಚೆಲ್ಲ ಕಳೆದ ಮೇಲೆ ನನ್ನ ಒಂದು ದಿನದ ದುಡಿಮೆಗೆ ಎಷ್ಟು ಉಳಿಯುತ್ತದೆ? ಈ ಲೇಖನದಲ್ಲಿ ಈ ಲೆಕ್ಕವನ್ನು ಹೇಗೆ ಮಾಡಬೇಕು, ಸಾಲವನ್ನು ಯಾವಾಗ ಮತ್ತು ಯಾವ ರೀತಿಯದನ್ನು ತೆಗೆದುಕೊಳ್ಳಬೇಕು, ಉದ್ದಿಮೆಯನ್ನು ಯಾವಾಗ ಹಿಗ್ಗಿಸಬೇಕು ಎಂಬುದನ್ನು ವಿವರಿಸಲಾಗಿದೆ. ಬೇಸಾಯಶಾಸ್ತ್ರದವರಿಗೆ ಹಪ್ಪಳದ ಉಸಾಬರಿ ಏಕೆ ಎಂದು ಕೆಲವರು ನಗಬಹುದು. ಆದರೆ ಬೆಳೆಯ ಖರ್ಚುವೆಚ್ಚ ಬರೆಯುವುದು ನಮ್ಮ ನಿತ್ಯದ ಕೆಲಸ. ಅದೇ ಲೆಕ್ಕವನ್ನು ಹೊಲದಿಂದ ಅಡುಗೆಮನೆಗೆ ತರುವುದಷ್ಟೇ ಇಲ್ಲಿರುವುದು.

ಭತ್ತಕ್ಕಿರುವ ಲೆಕ್ಕ ಹಪ್ಪಳಕ್ಕೂ ಬೇಕು

ಕೇಂದ್ರ ಸರಕಾರವು ಭತ್ತ, ಗೋವಿನಜೋಳ, ಹತ್ತಿ ಮೊದಲಾದ ಬೆಳೆಗಳಿಗೆ ಪ್ರತಿ ವರ್ಷ ಬೆಂಬಲ ಬೆಲೆ ಸಾರುವುದು ನಿಮಗೆ ಗೊತ್ತು. ಈ ಬೆಲೆಗಳನ್ನು ಶಿಫಾರಸು ಮಾಡುವ ಆಯೋಗವು 1965ರಲ್ಲಿ ಸ್ಥಾಪನೆಯಾಯಿತು. 1985ರಿಂದ ಅದಕ್ಕೆ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಎಂದು ಹೆಸರು. ಅದು ಬೆಳೆಯ ಖರ್ಚನ್ನು ಎರಡು ಮೂರು ಬಗೆಯಲ್ಲಿ ಲೆಕ್ಕ ಹಾಕುತ್ತದೆ. ಬೀಜ, ಗೊಬ್ಬರ, ಔಷಧಿ, ಬಾಡಿಗೆ, ಕೂಲಿ ಎಂದು ಕೈಯಿಂದ ಕೊಟ್ಟದ್ದು ಒಂದು ಬಗೆ. ಅದಕ್ಕೆ ಮನೆಯವರೇ ದುಡಿದ ದುಡಿಮೆಯ ಕೂಲಿಯನ್ನು ಸೇರಿಸಿದರೆ ಎರಡನೆಯ ಬಗೆ. 2018ರಿಂದ ಈಚೆಗೆ ಬೆಂಬಲ ಬೆಲೆಯನ್ನು ಈ ಎರಡನೆಯ ಬಗೆಯ ಖರ್ಚಿನ ಕನಿಷ್ಠ ಒಂದೂವರೆ ಪಟ್ಟು ಇರುವಂತೆ ಗೊತ್ತುಪಡಿಸಲಾಗುತ್ತಿದೆ. ಇದು ಸಾಕೇ ಸಾಲದೇ ಎಂಬ ಚರ್ಚೆ ಬೇರೆ. ಮನೆಯವರ ದುಡಿಮೆಗೂ ಬೆಲೆಯುಂಟು, ಅದನ್ನು ಖರ್ಚಿನಲ್ಲಿ ಹಿಡಿಯಬೇಕು ಎಂಬ ಮಾತನ್ನಂತೂ ಸರಕಾರವೇ ಒಪ್ಪಿದೆ.

ಹೀಗಿರುವಾಗ ಮನೆಯಲ್ಲಿ ಹಪ್ಪಳ ಮಾಡಿ ಮಾರುವಾಗ ಮಾತ್ರ ಆ ದುಡಿಮೆಯನ್ನು ಲೆಕ್ಕದಿಂದ ಏಕೆ ಬಿಡಬೇಕು? ಕೇಳಿದರೆ ಬರುವ ಉತ್ತರ ಒಂದೇ: "ಮನೆಯಲ್ಲೇ ಮಾಡಿದ್ದಲ್ಲ, ಖರ್ಚೇನಿಲ್ಲ ಬಿಡ್ರಿ." ಈ ಒಂದು ಮಾತಿನಿಂದ ನಮ್ಮ ಭಾಗದ ಎಷ್ಟೋ ಸಂಘಗಳ ಉದ್ದಿಮೆ ಎರಡನೆಯ ವರ್ಷಕ್ಕೆ ನಿಂತುಹೋಗುತ್ತದೆ. ಮೊದಲ ವರ್ಷ ಹುರುಪಿನಿಂದ ದುಡಿಯುತ್ತಾರೆ. ಕೈಗೆ ಬಂದ ಹಣ ಎಲ್ಲ ಲಾಭವೆಂದು ಕಾಣುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಹೊಲದ ಕೂಲಿಗೆ ಹೋಗತೊಡಗುತ್ತಾರೆ, ಏಕೆಂದರೆ ಅಲ್ಲಿ ಸಂಜೆಗೆ ಸಿಗುವುದು ಹೆಚ್ಚು. ಆಗ ಉಳಿದವರು "ಒಗ್ಗಟ್ಟಿಲ್ಲ" ಎಂದು ಬೇಸರಪಡುತ್ತಾರೆ. ಒಗ್ಗಟ್ಟಿಗೆ ಏನೂ ಆಗಿರುವುದಿಲ್ಲ. ಬೆಲೆ ಇಟ್ಟದ್ದು ತಪ್ಪಿರುತ್ತದೆ.

ನಮ್ಮದೇ ಭಾಗದ ಕೌದಿಯನ್ನು ನೋಡಿರಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಣ್ಣುಮಕ್ಕಳು ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಕೈಹೊಲಿಗೆಯಿಂದ ಜೋಡಿಸಿ ಹೊಲಿಯುವ ಕೌದಿಗಳು ಅಮೆರಿಕದ ವಸ್ತುಸಂಗ್ರಹಾಲಯಗಳವರೆಗೆ ಹೋಗಿ ಪ್ರದರ್ಶನ ಕಂಡಿವೆ. ಒಂದು ಕೌದಿಗೆ ಹಳೆಯ ಬಟ್ಟೆ ಮನೆಯದು, ದಾರಕ್ಕೆ ಅಲ್ಪ ಖರ್ಚು. ಉಳಿದದ್ದೆಲ್ಲ ದುಡಿಮೆ. ಬಟ್ಟೆ ಹಳೆಯದೆಂದು ಕೌದಿಯನ್ನು ಅಗ್ಗಕ್ಕೆ ಕೊಟ್ಟರೆ ಹೊಲಿದವಳು ತನ್ನ ಹಲವಾರು ದಿನಗಳನ್ನೇ ಪುಕ್ಕಟೆ ಕೊಟ್ಟಂತಾಯಿತು.

ಒಂದು ದಿನದ ಹಲಸಿನ ಹಪ್ಪಳ

ಈಗ ಒಂದು ಉದಾಹರಣೆಯನ್ನು ಅಂಕಿಗಳಲ್ಲಿ ನೋಡೋಣ. ಹಲಸಿನ ಹಪ್ಪಳವನ್ನು ತೆಗೆದುಕೊಳ್ಳೋಣ, ಏಕೆಂದರೆ ಹಲಸು ಈ ಭಾಗದಲ್ಲಿ ಧಾರಾಳ, ಕಾಯಿ ಬಲಿಯುವುದು ಬಿಸಿಲಿನ ದಿನಗಳಲ್ಲಿ. ಬಲಿತ ಆದರೆ ಇನ್ನೂ ಹಣ್ಣಾಗದ ಕಾಯಿಯ ತೊಳೆಗಳನ್ನು ಬಿಡಿಸಿ, ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಕುಟ್ಟಿ ಅಥವಾ ರುಬ್ಬಿ, ಉಪ್ಪು, ಖಾರ, ಜೀರಿಗೆ ಸೇರಿಸಿ, ಉಂಡೆ ಮಾಡಿ ಒತ್ತಿ ಒಣಗಿಸುವ ಕ್ರಮ ನಿಮಗೆ ತಿಳಿದದ್ದೇ. ಇಲ್ಲಿ ಕೊಟ್ಟಿರುವ ದರಗಳನ್ನು ಲೆಕ್ಕ ತಿಳಿಸುವುದಕ್ಕಾಗಿ ಹಿಡಿಯಲಾಗಿದೆ. ನಿಮ್ಮ ಊರಿನ ದರಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಿರಿ.

ನಾಲ್ವರು ಹೆಣ್ಣುಮಕ್ಕಳು ಒಂದು ದಿನ ದುಡಿದು ಕೈಯಿಂದ ಒತ್ತಿ 500 ಹಪ್ಪಳ ಮಾಡಿದರೆನ್ನಿ. 25ರಂತೆ ಕಟ್ಟಿದರೆ 20 ಪೊಟ್ಟಣ. ಖರ್ಚು ಹೀಗೆ: ಹಲಸಿನ ಕಾಯಿ 5ಕ್ಕೆ ರೂ. 200 (ಮರ ಹಿತ್ತಲಿನದಾದರೂ ಬೆಲೆ ಹಿಡಿಯತಕ್ಕದ್ದು, ಮಾರಿದ್ದರೆ ಬರುತ್ತಿತ್ತಲ್ಲವೇ?), ಉಪ್ಪು, ಖಾರ, ಜೀರಿಗೆ, ಎಣ್ಣೆಗೆ ರೂ. 150, ಉರುವಲಿಗೆ ರೂ. 100, ಚೀಲ ಮತ್ತು ಚೀಟಿಗೆ ರೂ. 100, ಸಂತೆಗೆ ಹೋಗಿಬರುವ ಖರ್ಚು ರೂ. 100. ಒಟ್ಟು ರೂ. 650. ಮುರಿದು ಹಾಳಾಗುವುದು ಒಂದು ಪೊಟ್ಟಣ ಎಂದು ಹಿಡಿದರೆ ಮಾರಾಟಕ್ಕೆ 19 ಉಳಿಯುತ್ತವೆ. ಪೊಟ್ಟಣಕ್ಕೆ ರೂ. 80ರಂತೆ ರೂ. 1,520 ಬಂತು. ಖರ್ಚು ಕಳೆದರೆ ರೂ. 870.

ಈ ರೂ. 870ನ್ನು ಲಾಭವೆಂದು ಬರೆಯುವವರೇ ಹೆಚ್ಚು. ಈಗ ನಾಲ್ವರಿಗೆ ಹಂಚಿರಿ. ಒಬ್ಬಳಿಗೆ ರೂ. 217 ಚಿಲ್ಲರೆ. ಊರಿನಲ್ಲಿ ಹೆಣ್ಣಾಳಿನ ದಿನಗೂಲಿ ರೂ. 350 ಇದ್ದರೆ ನಾಲ್ವರ ಕೂಲಿ ರೂ. 1,400 ಆಗಬೇಕಿತ್ತು. ಅಂದರೆ ಆ ದಿನ ರೂ. 530 ನಷ್ಟವಾಗಿದೆ. ಆ ನಷ್ಟ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ, ಏಕೆಂದರೆ ಅದನ್ನು ಹೊತ್ತದ್ದು ಹೆಣ್ಣುಮಕ್ಕಳ ರಟ್ಟೆ.

ಇದಕ್ಕೆ ಉಪಾಯ ಎರಡುಂಟು. ಒಂದನೆಯದು ಬೆಲೆಯನ್ನು ಸರಿಪಡಿಸುವುದು. ಖರ್ಚು ರೂ. 650, ಕೂಲಿ ರೂ. 1,400, ಒಟ್ಟು ರೂ. 2,050. ಇದನ್ನು 19ರಿಂದ ಭಾಗಿಸಿದರೆ ಪೊಟ್ಟಣಕ್ಕೆ ಸುಮಾರು ರೂ. 108 ಬೀಳುತ್ತದೆ. ಮುಂದಿನ ಹಂಗಾಮಿಗೆ ಕಾಯ್ದಿಡಲು ರೂ. 12 ಸೇರಿಸಿದರೆ ರೂ. 120. ನೀವೇ ಸಂತೆಯಲ್ಲಿ ಕುಳಿತು ಮಾರುವುದಾದರೆ ಇದೇ ಬೆಲೆ. ಅಂಗಡಿಯವನು ನೂರಕ್ಕೆ 20 ತನಗೆ ಇಟ್ಟುಕೊಳ್ಳುವುದಾದರೆ ಚೀಟಿಯ ಮೇಲೆ ರೂ. 150 ಎಂದು ಬರೆದರಷ್ಟೇ ನಿಮ್ಮ ಕೈಗೆ ರೂ. 120 ಬರುತ್ತದೆ. ಇಷ್ಟು ಬೆಲೆಗೆ ಕೊಳ್ಳುವವರು ಇದ್ದಾರೆಯೇ? ಊರೊಳಗೆ ಕಡಿಮೆ, ಏಕೆಂದರೆ ಮನೆಮನೆಯಲ್ಲೂ ಹಪ್ಪಳ ಮಾಡುತ್ತಾರೆ. ಮುಂಡಗೋಡದಿಂದ ಸುಮಾರು ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಹುಬ್ಬಳ್ಳಿಯಲ್ಲಿ, ಶಿರಸಿಯಲ್ಲಿ, ಹಲಸಿನ ಮರ ಕಾಣದ ಬಯಲುಸೀಮೆಯ ಪೇಟೆಗಳಲ್ಲಿ ಇದ್ದಾರೆ. ಟಿಬೆಟನ್ ಕಾಲನಿಯ ಬೌದ್ಧ ಮಂದಿರಗಳನ್ನು ನೋಡಲು ಬರುವ ಪ್ರವಾಸಿಗರೂ ಒಳ್ಳೆಯ ಗಿರಾಕಿಗಳೇ.

ಎರಡನೆಯ ಉಪಾಯ ಒಂದು ದಿನದ ದುಡಿಮೆಯಿಂದ ಹೆಚ್ಚು ಮಾಲು ತೆಗೆಯುವುದು. ಒತ್ತುವ ಯಂತ್ರವೊಂದನ್ನು ಕೊಂಡು ಅದೇ ನಾಲ್ವರು ದಿನಕ್ಕೆ 800 ಹಪ್ಪಳ ಮಾಡಿದರೆನ್ನಿ. 32 ಪೊಟ್ಟಣ, ಹಾಳಾಗಿ ಉಳಿಯುವುದು 30. ಸಂತೆಯ ಖರ್ಚು ಅಷ್ಟೇ ಇದ್ದು, ಉಳಿದವು ಮಾಲಿಗೆ ತಕ್ಕಂತೆ ಏರಿದರೆ ಒಟ್ಟು ಖರ್ಚು ರೂ. 980. ಯಂತ್ರದ ಸವಕಳಿಯನ್ನೂ ಹಿಡಿಯಬೇಕು. ರೂ. 6,000ದ ಯಂತ್ರವನ್ನು ವರ್ಷಕ್ಕೆ 60 ದಿನದಂತೆ 5 ವರ್ಷ ಬಳಸಿದರೆ 300 ದಿನ, ದಿನಕ್ಕೆ ರೂ. 20. ಎಲ್ಲ ಸೇರಿ ರೂ. 1,000. ಹಳೆಯ ರೂ. 80ರ ದರಕ್ಕೇ ಮಾರಿದರೂ ರೂ. 2,400 ಬಂದು, ಖರ್ಚು ಕಳೆದು ರೂ. 1,400 ಉಳಿಯುತ್ತದೆ. ನಾಲ್ವರಿಗೂ ಪೂರ್ತಿ ಕೂಲಿ ಬಿತ್ತು. ರೂ. 90ಕ್ಕೆ ಮಾರಿದರೆ ಕೂಲಿಯ ಮೇಲೆ ರೂ. 300 ಉಳಿಯಿತು. ಲಾಭವೆಂದು ಬರೆಯಬೇಕಾದದ್ದು ಈ ರೂ. 300 ಮಾತ್ರ.

ಯಂತ್ರದ ಲೆಕ್ಕದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ವರ್ಷಕ್ಕೆ 60 ದಿನ ಎಂದು ಹಿಡಿದದ್ದು ಹಲಸಿನ ಹಂಗಾಮು ಅಷ್ಟೇ ಇರುವುದರಿಂದ. ಅದೇ ಯಂತ್ರವನ್ನು 15 ದಿನ ಮಾತ್ರ ಬಳಸಿದರೆ ಸವಕಳಿ ನಾಲ್ಕು ಪಟ್ಟಾಗುತ್ತದೆ. ಕೈಯಂತ್ರಕ್ಕೆ ಇದು ಹಗುರವಾಗಿ ಕಾಣಬಹುದು. ಲಕ್ಷ ರೂಪಾಯಿಯ ಗಿರಣಿಯನ್ನು ಸಬ್ಸಿಡಿ ಸಿಗುತ್ತದೆಂದು ತಂದು ತಿಂಗಳಿಗೆ ನಾಲ್ಕು ದಿನ ಓಡಿಸಿದರೆ ಅದು ಸಂಘವನ್ನು ನುಂಗುತ್ತದೆ. ಸಬ್ಸಿಡಿ ಕಳೆದು ಉಳಿದ ಹಣಕ್ಕೂ ಬಡ್ಡಿ ಓಡುತ್ತದೆಂಬುದನ್ನು ಮರೆಯಬಾರದು.

ಮೇಲಿನ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಊರಿನಲ್ಲಿ ಕೂಲಿಯೇ ಸಿಗದಿದ್ದರೆ ರೂ. 217 ಏನೂ ಇಲ್ಲದ್ದಕ್ಕಿಂತ ಮೇಲಲ್ಲವೇ? ಮೇಲೇ. ಬೇರೆ ಕೆಲಸವಿಲ್ಲದ ದಿನ ಕಡಿಮೆ ಉಳಿತಾಯಕ್ಕೂ ದುಡಿಯುವುದು ಜಾಣತನ. ಆದರೆ ಅದನ್ನು ಅರೆಗೂಲಿ ಎಂದೇ ಬರೆದುಕೊಳ್ಳಿರಿ, ಲಾಭವೆಂದು ಬರೆಯಬೇಡಿರಿ. ಅರೆಗೂಲಿ ಎಂದು ತಿಳಿದವಳು ಕೂರಿಗೆ ಬಿತ್ತನೆಯ ನಂತರ ಭತ್ತದಲ್ಲಿ ಕಳೆ ಏಳುವ ಹೊತ್ತಿಗೆ ಹಪ್ಪಳ ನಿಲ್ಲಿಸಿ ಹೊಲಕ್ಕಿಳಿಯುತ್ತಾಳೆ. ಲಾಭವೆಂದು ತಿಳಿದವಳು ಹೊಲಕ್ಕೆ ಆಳು ಹಚ್ಚಿ, ತಾನು ಅರೆಗೂಲಿಗೆ ಹಪ್ಪಳ ಒತ್ತುತ್ತ ಕೂರುತ್ತಾಳೆ. ಕೂರಿಗೆ ಭತ್ತಕ್ಕೆ ಮೊದಲ ಒಂದೂವರೆ ತಿಂಗಳಿನ ಕಳೆಯೇ ದೊಡ್ಡ ಶತ್ರು. ಆ ಹೊತ್ತಿನಲ್ಲಿ ಮನೆಯ ಆಳು ತಪ್ಪಿದರೆ ಆಗುವ ಹಾನಿಯನ್ನು ಯಾವ ಹಪ್ಪಳವೂ ತುಂಬಿಕೊಡಲಾರದು.

ಏಳು ಜನರ ಎಂಭತ್ತು ರೂಪಾಯಿ

ಕೂಲಿಯನ್ನು ಮೊದಲು ಕೊಟ್ಟು ಲಾಭವನ್ನು ಆಮೇಲೆ ನೋಡುವ ಪದ್ಧತಿಗೆ ನಮ್ಮ ದೇಶದಲ್ಲಿ ದೊಡ್ಡ ನಿದರ್ಶನವೊಂದಿದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು ರೂ. 80 ಕೈಗಡ ತೆಗೆದುಕೊಂಡು ತಮ್ಮ ಕಟ್ಟಡದ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸತೊಡಗಿದರು. ಮೊದಲ ದಿನದ ಮಾಲು ನಾಲ್ಕು ಪೊಟ್ಟಣ. ಅದೇ ಇಂದಿನ ಲಿಜ್ಜತ್ ಪಾಪಡ್ ಸಂಸ್ಥೆ. ಈಗ ಅದರಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ದುಡಿಯುತ್ತಾರೆ. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ಬೆಳೆದ ಮೇಲಿನ ಗಾತ್ರವನ್ನು ನೋಡಿ ಬೆರಗಾಗುವುದರಿಂದ ನಮಗೆ ಪ್ರಯೋಜನವಿಲ್ಲ. ಅದು ಬೆಳೆದ ರೀತಿಯನ್ನು ಗಮನಿಸಬೇಕು. ಅಲ್ಲಿ ಕಲಸಿದ ಹಿಟ್ಟನ್ನು ಸದಸ್ಯೆಯರು ತೂಕ ಮಾಡಿಸಿ ಮನೆಗೆ ಒಯ್ಯುತ್ತಾರೆ. ಲಟ್ಟಿಸಿ ಒಣಗಿಸಿ ಮರುದಿನ ತಂದೊಪ್ಪಿಸುತ್ತಾರೆ. ಲಟ್ಟಿಸಿದ ಕಿಲೋಗೆ ಇಷ್ಟು ಎಂದು ಮಜೂರಿ ಕೈಸೇರುತ್ತದೆ. ವರ್ಷದ ಕೊನೆಯ ಲಾಭ ನಷ್ಟ ಸದಸ್ಯೆಯರೆಲ್ಲರದು, ಆದರೆ ದಿನದ ಮಜೂರಿ ಅದಕ್ಕಾಗಿ ಕಾಯುವುದಿಲ್ಲ. ದುಡಿಮೆಯ ಬೆಲೆ ಹಪ್ಪಳದ ಬೆಲೆಯೊಳಗೆ ಮೊದಲೇ ಸೇರಿರುತ್ತದೆ. ಆರಂಭದಲ್ಲೇ ಅವರು ದಾನ, ಸಹಾಯಧನ ಬೇಡವೆಂದು ತೀರ್ಮಾನಿಸಿದ್ದರು. ಎಲ್ಲರೂ ಹಾಗೆಯೇ ಮಾಡಬೇಕೆಂದು ನಾವು ಹೇಳುವುದಿಲ್ಲ. ಸರಕಾರ ಕೊಡುವುದನ್ನು ತೆಗೆದುಕೊಳ್ಳಿರಿ. ಅದು ಬರದಿದ್ದರೂ ನಡೆಯುವಂತೆ ಲೆಕ್ಕ ಹಾಕಿರಿ.

ಮುಂಬಯಿ ದೂರವಾಯಿತು ಎನ್ನುವವರು ನೆರೆಯ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮಕ್ಕೆ ಹೋಗಿ ನೋಡಬಹುದು. ಅಲ್ಲಿಯ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘವು 2018ರಲ್ಲಿ ಆರಂಭವಾಯಿತು. ಸಹಜ ಸಮೃದ್ಧ ಸಂಸ್ಥೆಯ ಮಾರ್ಗದರ್ಶನದಲ್ಲಿ ಅವರು ಸಾವೆ, ನವಣೆ ಮೊದಲಾದ ಸಿರಿಧಾನ್ಯಗಳ ದೇಸಿ ಬೀಜ ಕೂಡಿಟ್ಟು, ಸಮುದಾಯ ಬೀಜ ಬ್ಯಾಂಕು ಕಟ್ಟಿ, ರೈತರಿಗೆ ಬೀಜ ಹಂಚಿದರು. ಬಿತ್ತಿದವರ ಕಾಳು ಬಂದಾಗ ಅದನ್ನು ಅಕ್ಕಿ ಮಾಡುವ ಸಂಸ್ಕರಣ ಘಟಕವನ್ನೂ ತಾವೇ ನಡೆಸತೊಡಗಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ನೀಡುವ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ದೊರೆಯಿತು. ಬೇಸಾಯಶಾಸ್ತ್ರದ ದೃಷ್ಟಿಯಿಂದ ನಮಗೆ ಹಿಡಿಸಿದ್ದು ಅವರ ಕ್ರಮ. ಗಿರಣಿಗೆ ಬೇಕಾದ ಕಾಳು ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ಹೊಲದಲ್ಲೇ ಉತ್ತರವಿದೆ. ನಮ್ಮಲ್ಲಿ ಬಹಳ ಕಡೆ ಯಂತ್ರ ಬಂದು ಕುಳಿತ ಮೇಲೆ ಕಚ್ಚಾ ಮಾಲಿಗಾಗಿ ಹುಡುಕಾಟ ಸುರುವಾಗುತ್ತದೆ.

ಸಾಲ ಮತ್ತು ಹಂಗಾಮು

ಸನವಳ್ಳಿಯವರಿಗೆ ಕಣ್ಣೆದುರೇ ಇರುವ ಇನ್ನೊಂದು ಪಾಠವನ್ನು ಹೇಳಬೇಕು. 1966ರಿಂದ ಮುಂಡಗೋಡದ ಬಳಿ ನೆಲೆಸಿರುವ ಟಿಬೆಟನ್ ನಿರಾಶ್ರಿತರಿಗೆ ಕೊಟ್ಟದ್ದು ಹೆಚ್ಚಾಗಿ ಮಳೆಯಾಶ್ರಿತ ಭೂಮಿ. ಮುಂಗಾರಿನ ಬೆಳೆ ಕೈಸೇರಿದ ಮೇಲೆ ಅವರಲ್ಲಿ ಎಷ್ಟೋ ಕುಟುಂಬಗಳು, ಹೆಂಗಸರೇ ಮುಂದಾಗಿ, ಸ್ವೆಟರ್ ವ್ಯಾಪಾರಕ್ಕೆ ದೇಶದ ಬೇರೆ ಬೇರೆ ನಗರಗಳಿಗೆ ಹೊರಡುವ ರೂಢಿಯುಂಟು. ಮಾಲು ಬರುವುದು ಪಂಜಾಬಿನ ಲುಧಿಯಾನದ ಸಗಟು ವ್ಯಾಪಾರಿಗಳಿಂದ, ಬಹಳಷ್ಟು ಉದ್ರಿಯ ಮೇಲೆ. ಚಳಿಗಾಲ ಮುಗಿದು ಮಾಲು ಮಾರಿದ ಮೇಲೆ ಉದ್ರಿ ತೀರಿಸುತ್ತಾರೆ. ಹೊಲದ ಕೆಲಸವಿಲ್ಲದ ತಿಂಗಳಲ್ಲಿ ವ್ಯಾಪಾರ, ಹಣ ಬಂದ ಮೇಲೆ ಮರುಪಾವತಿ. ಉದ್ದಿಮೆಯ ಸಾಲ ಹೀಗೆ ಹಂಗಾಮಿಗೆ ಹೊಂದಿಕೊಂಡಿರಬೇಕು. ಉದ್ರಿಗೆ ತಂದದ್ದು ಮಾರಾಟವಾಗದೆ ಉಳಿದರೆ ಕಷ್ಟವೆಂಬುದೂ ಅವರಿಗೆ ಗೊತ್ತು. ಆದರೆ ಮಾಲು ಮಾರುವ ಮೊದಲೇ ಕಂತು ಕೇಳುವವರು ಅಲ್ಲಿಲ್ಲ.

ಇದರೊಡನೆ ವಾರದ ಕಂತಿನ ಸಾಲವನ್ನು ಹೋಲಿಸಿರಿ. ಇಂದು ಸಾಲ ತೆಗೆದರೆ ಮುಂದಿನ ವಾರವೇ ಕಂತು. ಹಲಸು ಬಲಿಯುವುದು ಬೇಸಿಗೆಯಲ್ಲಿ, ಹಪ್ಪಳ ಖರ್ಚಾಗುವುದು ಮಳೆಗಾಲದಲ್ಲಿ. ನಡುವಿನ ಕಂತುಗಳನ್ನು ಎಲ್ಲಿಂದ ಕಟ್ಟುವುದು? ಇನ್ನೊಂದು ಸಾಲದಿಂದ. ಬಡ್ಡಿಯ ಲೆಕ್ಕವೂ ಕಣ್ಣು ಕಟ್ಟುತ್ತದೆ. ರೂ. 20,000 ಪಡೆದು ವಾರಕ್ಕೆ ರೂ. 450ರಂತೆ 50 ವಾರ ಕಟ್ಟಬೇಕೆನ್ನಿ. ಒಟ್ಟು ರೂ. 22,500, ಬಡ್ಡಿ ರೂ. 2,500. ನೂರಕ್ಕೆ ಹನ್ನೆರಡೂವರೆ ಎಂದು ತೋರುತ್ತದೆ. ಆದರೆ ಮೊದಲ ವಾರದಿಂದಲೇ ಅಸಲು ಕರಗುತ್ತ ಬರುವುದರಿಂದ ವರ್ಷದುದ್ದಕ್ಕೂ ಸರಾಸರಿ ನಿಮ್ಮ ಕೈಯಲ್ಲಿದ್ದ ಹಣ ಸುಮಾರು ರೂ. 10,000 ಮಾತ್ರ. ರೂ. 10,000ಕ್ಕೆ ರೂ. 2,500 ಬಡ್ಡಿಯೆಂದರೆ ನೂರಕ್ಕೆ 25ರ ಹತ್ತಿರ. ಸಾಲ ಕೊಡುವವರ ಬಳಿ "ಉಳಿದ ಅಸಲಿನ ಮೇಲೆ ವರ್ಷದ ಬಡ್ಡಿ ಎಷ್ಟು?" ಎಂದು ಇದೇ ಮಾತುಗಳಲ್ಲಿ ಕೇಳಿರಿ. ಉತ್ತರವನ್ನು ಬರೆದುಕೊಡಲು ಹೇಳಿರಿ.

2025ರ ಜನವರಿಯಲ್ಲಿ ನೆರೆಯ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಕಿರುಸಾಲದ ವಸೂಲಿಗಾರರ ಕಾಟ ತಾಳಲಾರದೆ ತಮ್ಮ ಮಾಂಗಲ್ಯಸರಗಳನ್ನು ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದ ಸುದ್ದಿಯನ್ನು ನೀವು ಓದಿರುವಿರಿ. ಮರು ತಿಂಗಳು, ಫೆಬ್ರುವರಿಯಲ್ಲಿ, ರಾಜ್ಯ ಸರಕಾರವು ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಕಾನೂನು ವಸೂಲಿಗಾರನನ್ನು ತಡೆಯಬಹುದು, ಸಾಲದ ಲೆಕ್ಕವನ್ನು ನಾವೇ ನೋಡಬೇಕು. ಇಂಥ ಸಾಲಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಹೆಸರಿನಲ್ಲಿದ್ದರೂ ಖರ್ಚಾದದ್ದು ಅವರ ಉದ್ದಿಮೆಗಲ್ಲ. ಮನೆಯ ಯಜಮಾನರಿಗೆ ಇಲ್ಲಿ ಒಂದು ಮಾತನ್ನು ನೇರವಾಗಿಯೇ ಹೇಳುತ್ತೇವೆ. ಹೆಂಡತಿಯ ಸಂಘದಿಂದ ಸಾಲ ತೆಗೆಸಿ ಕೊಳವೆಬಾವಿಗೆ, ಮೋಟಾರ್ ಸೈಕಲ್ಲಿಗೆ, ಮದುವೆಗೆ ಹಾಕುವುದಾದರೆ ಅದನ್ನು ನಿಮ್ಮ ಸಾಲವೆಂದೇ ಬರೆದು, ನೀವೇ ಕಂತು ಕಟ್ಟಿರಿ. ವಸೂಲಿಗೆ ಬಂದವನು ಅಂಗಳದಲ್ಲಿ ನಿಂತು ಕರೆಯುವುದು ಆಕೆಯ ಹೆಸರನ್ನು.

ಹಾಗಾದರೆ ಸಾಲವೇ ಬೇಡವೇ? ಬೇಕು. ಕ್ರಮ ಮಾತ್ರ ಹೀಗಿರಲಿ. ಮೊದಲ ಹಂಗಾಮನ್ನು ಸಂಘದ ಸ್ವಂತ ಉಳಿತಾಯದಲ್ಲಿ, ಮನೆಯ ಪಾತ್ರೆ ಒಲೆಗಳಲ್ಲಿ ನಡೆಸಿರಿ. ಎರಡನೆಯ ಹಂಗಾಮಿಗೆ ಸಂಘದ ಒಳಸಾಲ. ಎರಡು ಹಂಗಾಮಿನ ಲೆಕ್ಕಪುಸ್ತಕ ಕೈಯಲ್ಲಿ ಹಿಡಿದು ಬ್ಯಾಂಕಿಗೆ ಹೋಗಿರಿ. ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮವನ್ನು ನಬಾರ್ಡ್ 1992ರಲ್ಲಿ 500 ಸಂಘಗಳಿಂದ ಆರಂಭಿಸಿತು. ನಮ್ಮ ರಾಜ್ಯದಲ್ಲಿ 2000ನೆಯ ಇಸವಿಯಿಂದ ಸ್ತ್ರೀಶಕ್ತಿ ಸಂಘಗಳು ಬಂದವು. ಇಂದು ಜೀವನೋಪಾಯ ಅಭಿಯಾನದ, ಅಂದರೆ ನಮ್ಮಲ್ಲಿ ಸಂಜೀವಿನಿ ಎಂದು ಕರೆಯುವ ಕಾರ್ಯಕ್ರಮದ ಸಂಘಗಳಿಗೆ ರೂ. 20 ಲಕ್ಷದವರೆಗೆ ಜಾಮೀನು ಆಸ್ತಿಯಿಲ್ಲದೆ ಸಾಲ ಕೊಡಲು ಬ್ಯಾಂಕುಗಳಿಗೆ ರಿಜರ್ವ್ ಬ್ಯಾಂಕು 2021ರಲ್ಲಿ ಅನುಮತಿ ನೀಡಿದೆ. ಪಹಣಿಯಲ್ಲಿ ತಮ್ಮ ಹೆಸರಿಲ್ಲದ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅನುಕೂಲ. ಇಪ್ಪತ್ತು ಲಕ್ಷ ಸಿಗುತ್ತದೆಂದು ಇಪ್ಪತ್ತು ಲಕ್ಷ ತೆಗೆಯಬೇಕಾಗಿಲ್ಲವೆಂಬುದನ್ನು ಬೇರೆ ಹೇಳಬೇಕಿಲ್ಲವಷ್ಟೆ. ಕಂತು ಮಾರಾಟದ ತಿಂಗಳುಗಳಿಗೆ ಹೊಂದುವಂತೆ ಮಾಡಿಕೊಡಲು ಬ್ಯಾಂಕಿನವರನ್ನು ಕೇಳಿರಿ.

ಪುಸ್ತಕ ಯಾರ ಕೈಯಲ್ಲಿ?

ಪುಸ್ತಕಗಳು ಮೂರು ಸಾಕು. ಒಂದು ಖರ್ಚಿನದು, ಒಂದು ಮಾರಾಟದ್ದು, ಇನ್ನೊಂದು ಹಾಜರಿಯದು. ಮೊದಲಿನ ಎರಡನ್ನು ಎಲ್ಲರೂ ಇಡುತ್ತಾರೆ. ಮೂರನೆಯದು ಬಹಳ ಕಡೆ ಇರುವುದಿಲ್ಲ, ಕೂಲಿಯ ಲೆಕ್ಕ ತಪ್ಪುವುದು ಅಲ್ಲಿಯೇ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆಯಿರಿ. ನಡುವೆ ಮನೆಗೆ ಹೋಗಿ ರೊಟ್ಟಿ ಬಡಿದು, ದನಕ್ಕೆ ನೀರು ಕುಡಿಸಿ ಬಂದ ಹೊತ್ತನ್ನು ಕಳೆಯಿರಿ. ಎಂಟು ತಾಸು ಕೂಡಿದರೆ ಒಂದು ಆಳು. ಮಾರಾಟಕ್ಕೆ ಸಂತೆಯಲ್ಲಿ ಕುಳಿತದ್ದೂ, ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತದ್ದೂ ದುಡಿಮೆಯೇ. ಅದನ್ನು ಬರೆಯದ ಸಂಘದಲ್ಲಿ ಅಧ್ಯಕ್ಷೆ ಒಬ್ಬಳೇ ಓಡಾಡಿ ಬೇಸತ್ತು ಬಿಟ್ಟುಬಿಡುತ್ತಾಳೆ.

ಓದುಬರಹ ಬಲ್ಲ ಒಬ್ಬಳ ಕೈಯಲ್ಲೇ ಪುಸ್ತಕ ವರ್ಷಗಟ್ಟಲೆ ಉಳಿಯುವುದು ಒಳ್ಳೆಯದಲ್ಲ. ಆಕೆ ಎಷ್ಟೇ ಪ್ರಾಮಾಣಿಕಳಾಗಿದ್ದರೂ ಉಳಿದವರಿಗೆ ಸಂಶಯ ಹುಟ್ಟುತ್ತದೆ, ಇಲ್ಲವೇ ಎಲ್ಲದಕ್ಕೂ ಆಕೆಯನ್ನೇ ನೆಚ್ಚಿ ಕೂರುತ್ತಾರೆ. ವಾರಕ್ಕೊಮ್ಮೆ ಸಭೆಯಲ್ಲಿ ಪುಸ್ತಕವನ್ನು ಗಟ್ಟಿಯಾಗಿ ಓದಿಸಿರಿ. ಓದಲು ಬಾರದವರು ಶಾಲೆಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ತಪ್ಪಿಲ್ಲ. ಬ್ಯಾಂಕಿಗೆ ಹೋಗುವಾಗ, ಪೇಟೆಗೆ ಹೋಗುವಾಗ ಬಲ್ಲವಳೊಬ್ಬಳ ಜೊತೆಗೆ ಹೊಸಬಳೊಬ್ಬಳು ಇರಲಿ. ಮ್ಯಾನೇಜರರ ಎದುರು ಮೊದಲ ಸಲ ಮಾತು ಹೊರಡದವಳು ಮೂರನೆಯ ಸಲ ತಾನೇ ಪ್ರಶ್ನೆ ಕೇಳುತ್ತಾಳೆ. ಧೈರ್ಯ ಬೆಳೆಸಿಕೊಳ್ಳಬೇಕೆಂದು ಭಾಷಣ ಮಾಡುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ. ಒಬ್ಬೊಬ್ಬರ ಕೂಲಿಯನ್ನೂ ಅವರವರ ಸ್ವಂತ ಉಳಿತಾಯ ಖಾತೆಗೇ ಹಾಕಿಸಿರಿ, ಮನೆಯವರ ಖಾತೆಗೆ ಬೇಡ.

ಮಾಲಿನ ವಿಷಯ ಎರಡು ಮಾತು

ಮಾಲು ಸರಿಯಿಲ್ಲದಿದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಮಲೆನಾಡಿನ ಮಗ್ಗುಲಿಗಿರುವ ನಮ್ಮ ಭಾಗದಲ್ಲಿ ಜೂನ್‌ನಿಂದ ಸಪ್ಟಂಬರ್‌ವರೆಗೆ ಗಾಳಿಯಲ್ಲಿ ತೇವ ಹೆಚ್ಚು. ಬೇಸಿಗೆಯಲ್ಲಿ ಗರಿಗರಿಯಾಗಿದ್ದ ಹಪ್ಪಳ ಆಗ ಬೂಸು ಹಿಡಿಯುತ್ತದೆ. ಬಿಸಿಲಿನಿಂದ ತೆಗೆದ ಹಪ್ಪಳವನ್ನು ನೆರಳಿನಲ್ಲಿ ಆರಿಸಿ, ಬಿಸಿ ಪೂರ್ತಿ ಇಳಿದ ಮೇಲೆಯೇ ದಪ್ಪ ಚೀಲದಲ್ಲಿ ಹಾಕಿ, ಬಾಯಿಯನ್ನು ಯಂತ್ರದಿಂದ ಮುಚ್ಚಬೇಕು. ಬಿಸಿ ಇರುವಾಗಲೇ ಕಟ್ಟಿದರೆ ಒಳಗೆ ಬೆವರು ಕೂಡುತ್ತದೆ. ಮಳೆಗಾಲಕ್ಕೆ ಉಳಿಸುವ ಮಾಲಿನಿಂದ ಹದಿನೈದು ದಿನಕ್ಕೊಮ್ಮೆ ಒಂದು ಪೊಟ್ಟಣ ಒಡೆದು ಕರಿದು ನೋಡಿರಿ. ಗಿರಾಕಿಗಿಂತ ಮೊದಲು ನಿಮಗೆ ದೋಷ ತಿಳಿಯಬೇಕು.

ತೂಕ ಒಂದೇ ಸಮ ಇರಲಿ. 25 ಎಂದು ಬರೆದು 24 ಹಾಕಬಾರದು. 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ಮನೆಯಲ್ಲಿ ತಯಾರಿಸಿ ಮಾರುವ ಸಣ್ಣ ಉದ್ದಿಮೆಗೂ ನೋಂದಣಿ ಕಡ್ಡಾಯ. ಖರ್ಚು ಅಲ್ಪ, ಅರ್ಜಿಯನ್ನು ಅಂತರ್ಜಾಲದ ಮೂಲಕ ಹಾಕಬೇಕು. ನೋಂದಣಿ ಸಂಖ್ಯೆ, ಹಾಕಿದ ಪದಾರ್ಥಗಳು, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಗರಿಷ್ಠ ಬೆಲೆ, ಸಂಘದ ವಿಳಾಸ ಇವಿಷ್ಟು ಚೀಟಿಯಲ್ಲಿ ಇರತಕ್ಕದ್ದು. ಅಂಗಡಿಗೆ ಉದ್ರಿ ಕೊಡುವುದಾದರೆ ಹಿಂದಿನ ಬಾಕಿ ಬಂದ ಮೇಲೆಯೇ ಮುಂದಿನ ಮಾಲು. ಹಳೆಯ ಪರಿಚಯದವರಿಗೂ ಇದೇ ನಿಯಮವಿರಲಿ.

ತರಬೇತಿ ಬೇಕಾದವರಿಗೆ ಅನುಕೂಲಗಳು ಹತ್ತಿರದಲ್ಲೇ ಇವೆ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಿದೆ. ಇಂಥ ಸಂಸ್ಥೆಗಳಿಗೆ ಮಾದರಿಯಾದದ್ದು 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ. ಗ್ರಾಮೀಣ ಯುವಕ ಯುವತಿಯರಿಗೆ ಇಲ್ಲಿ ತರಬೇತಿ, ಊಟ, ವಸತಿ ಉಚಿತ. ಆಹಾರ ಸಂಸ್ಕರಣೆಯ ವಿಷಯಗಳಿಗೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯವನ್ನು ಕೇಳಬಹುದು. ಹೋಗುವಾಗ ಒಂದು ದಿನದ ಮಾಲಿನ ಲೆಕ್ಕವನ್ನು, ಹಾಜರಿಯ ಸಹಿತ, ಬರೆದು ತೆಗೆದುಕೊಂಡು ಹೋಗಿರಿ. ಹಲಸಿನ ಹಂಗಾಮಿಗೆ ತಯಾರಾಗುವವರು ಜನವರಿಯೊಳಗೆ ಹೆಸರು ಕೊಟ್ಟರೆ ಕಾಯಿ ಬಲಿಯುವ ಹೊತ್ತಿಗೆ ತರಬೇತಿ ಮುಗಿದಿರುತ್ತದೆ.